ಲೋಟದಕ್ಕ ಬರೆಯದ ಷರಾ

ಬೆಳಿಗ್ಗೆ ಐದೂಮುಕ್ಕಾಲು. ಬಂದರಿನ ಸರಕು ಅಂಗಳದ ಹಾಜರಿ ಕಚೇರಿಯ ಹಿಂದಿನ ಕೋಣೆಯಲ್ಲಿ ಲೋಟದಕ್ಕ ಶೌಚಾಲಯದ ನಲ್ಲಿಗೆ ಟೇಪು ಸುತ್ತುತ್ತಿದ್ದಾರೆ. ಮೂರು ಸುತ್ತು ಸುತ್ತಿ ಅದರ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತಾರೆ. ಯಾರಾದರೂ ಬಿಚ್ಚಿ ಮತ್ತೆ ಸುತ್ತಿದರೆ ಗೀಟು ಕೂಡುವುದಿಲ್ಲ, ಬಣ್ಣ ಬಯಲಾಗುತ್ತದೆ. ಸೋಪು ತೆಗೆದು ಕಪಾಟಿನಲ್ಲಿಡುತ್ತಾರೆ. ಕಸದ ಬುಟ್ಟಿಯನ್ನು ಕಾಲಿನಿಂದ ಹೊರಗೆ ದಬ್ಬುತ್ತಾರೆ. ಫ್ಲಶ್ ತೊಟ್ಟಿಗೆ ನೀಲಿ ಬಿಲ್ಲೆಯೊಂದನ್ನು ಹಾಕಿ, ಒಮ್ಮೆ ನೀರು ಬಿಟ್ಟು, ಕಮೋಡಿನ ನೀರು ಶಾಯಿಯ ಬಣ್ಣಕ್ಕೆ ತಿರುಗುವವರೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾರೆ. ಆಮೇಲೆ ಕನ್ನಡಕ ಒರೆಸಿಕೊಂಡು ಮೇಜಿನ ಹಿಂದೆ ಕೂರುತ್ತಾರೆ.

"ಈಗ ಬರ್ಲಿ ಯಾರು ಬರ್ತಾರೋ. ಬೆರೆಸೋಕೆ ಒಂದು ತೊಟ್ಟು ನೀರೂ ಸಿಗಲ್ಲ ಒಳಗೆ," ಎನ್ನುತ್ತಾರೆ.

ಇವರ ಕೆಲಸ ಬೇರೆಯವರ ಮೂತ್ರ ಹಿಡಿದುಕೊಳ್ಳುವುದು. ಈ ಪದ ಕಂಡರೆ ನಮ್ಮ ವಾರಾಂತ್ಯದ ಪುರವಣಿಯ ಸಂಪಾದಕರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಅಂಗಳದಲ್ಲಿ ಕ್ರೇನ್ ಆಡಿಸುವವರು, ಲಾರಿ ಓಡಿಸುವವರು, ಫೋರ್ಕ್‌ಲಿಫ್ಟ್ ನಡೆಸುವವರು ಗಾಂಜಾ ಮುಂತಾದ ಅಮಲು ಪದಾರ್ಥ ಸೇವಿಸಿದ್ದಾರೆಯೇ ಎಂದು ಪತ್ತೆ ಹಚ್ಚಲು ಅವರ ಮೂತ್ರದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಕಳಿಸುವ ಮೊದಲು ಯಾರಾದರೊಬ್ಬರು ಅದನ್ನು ಕೈಯಲ್ಲಿ ಹಿಡಿಯಲೇಬೇಕಲ್ಲ. ಹದಿನಾಲ್ಕು ವರ್ಷಗಳಿಂದ ಹಿಡಿಯುತ್ತಿರುವ ಕೈ ಇವರದು. ನೇಮಕದ ಪತ್ರದಲ್ಲಿ 'ಮಾದರಿ ಸಂಗ್ರಾಹಕಿ' ಎಂದಿದೆ. ಲೋಟದಕ್ಕ ಎಂದು ಹೆಸರಿಟ್ಟವರು ಲಾರಿ ಚಾಲಕರು.

"ಸಂಗ್ರಾಹಕಿ ಅಂದ್ರೆ ಹಳೇ ನಾಣ್ಯ ಕೂಡಿಡೋಳು ಅನ್ಕೋತಾರೆ. ಲೋಟದಕ್ಕ ಅನ್ನೋದೇ ಚೆನ್ನಾಗಿದೆ. ಕನಿಷ್ಠ ಅಕ್ಕ ಅಂತಾದ್ರೂ ಅಂತಾರೆ."

ನಾನು ಮೊದಲ ಸಲ ಹೋದ ದಿನ ಅವರು ನಗುತ್ತಲೇ ಮಾತಾಡಿದರೂ ಕಣ್ಣು ಮಾತ್ರ ಪದೇ ಪದೇ ಬಾಗಿಲಿನತ್ತ ಹೋಗುತ್ತಿತ್ತು. ಹಾಜರಿ ಕಚೇರಿಯ ಗುಮಾಸ್ತರು ಟಪಾಲು ತರುವ ಹೊತ್ತು ಅದು. ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು ಮಾದರಿ ಕೊಟ್ಟು, ಅದರಿಂದಲೇ ಕೆಲಸ ಕಳೆದುಕೊಂಡ ಕ್ರೇನ್ ಚಾಲಕರೊಬ್ಬರ ಮೇಲ್ಮನವಿಯ ತೀರ್ಮಾನ ಆ ವಾರ ಬರುವುದಿತ್ತು. ಆ ಮೇಲ್ಮನವಿಗೆ ಲೋಟದಕ್ಕ ಒಂದು ಪುಟದ ಹೇಳಿಕೆ ಬರೆದುಕೊಟ್ಟಿದ್ದರು. ಹದಿನಾಲ್ಕು ವರ್ಷದಲ್ಲಿ ಅವರು ಒಬ್ಬ ಮನುಷ್ಯನ ಬಗ್ಗೆ ಬರೆದದ್ದು ಅದೊಂದೇ ಪುಟ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡಿ. ದಿನಾ ಬೆಳಿಗ್ಗೆ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹದಿನೈದೋ ಇಪ್ಪತ್ತೋ ಹೆಸರು ಆರಿಸುತ್ತದೆ. ಗುಮಾಸ್ತರು ಪಟ್ಟಿ ತರುತ್ತಾರೆ. ಹೆಸರು ಬಂದವರು ಕೆಲಸಕ್ಕೆ ಹತ್ತುವ ಮೊದಲು ಒಬ್ಬೊಬ್ಬರಾಗಿ ಈ ಕೋಣೆಗೆ ಬರಬೇಕು. ಜೇಬು ಖಾಲಿ ಮಾಡಿ, ಜಾಕೆಟ್ಟು ಮೊಳೆಗೆ ಸಿಕ್ಕಿಸಿ, ಲೋಟ ಹಿಡಿದು ಒಳಗೆ ಹೋಗಬೇಕು. ನಾಲ್ಕು ನಿಮಿಷ. ಹೊರಬಂದ ಲೋಟದ ಪಕ್ಕಕ್ಕೆ ಅಂಟಿಸಿದ ಪಟ್ಟಿಯಲ್ಲಿ ಮೈಯ ಶಾಖಕ್ಕೆ ಸರಿಯಾದ ಹಸಿರು ಚುಕ್ಕೆ ಮೂಡಬೇಕು. ಮೂಡಿದರೆ ಅವರ ಕಣ್ಣೆದುರೇ ಅದನ್ನು ಎರಡು ಬಾಟಲಿಗೆ ಸುರಿದು, ಮುಚ್ಚಳದ ಮೇಲಿಂದ ನಂಬರಿನ ಚೀಟಿ ಅಂಟಿಸಿ, ಅದೇ ನಂಬರಿನ ನಮೂನೆಯ ಮೇಲೆ ಸಹಿ ಹಾಕಿಸಿ ಚೀಲದೊಳಗಿಟ್ಟು ಬಾಯಿ ಮುಚ್ಚುತ್ತಾರೆ. ಒಂಬತ್ತೂವರೆಗೆ ಕೊರಿಯರಿನವರು ಬಂದು ಒಯ್ಯುತ್ತಾರೆ. ಹೀಗೆ ಈ ಕೈಯಿಂದ ಹೋದದ್ದು ಎಪ್ಪತ್ತು ಸಾವಿರದ ಹತ್ತಿರ ಮಾದರಿಗಳು.

ಹಸಿರು ಚುಕ್ಕೆ ಮೂಡದ ದಿನಗಳಲ್ಲಿ ತಮಾಷೆ ಇರುತ್ತದೆ. ಇನ್ನೊಬ್ಬರ ಮೂತ್ರವನ್ನು ಸಣ್ಣ ಶೀಶೆಯಲ್ಲಿ ತಂದು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಬಂದವರಿದ್ದಾರೆ. ಒಬ್ಬಾತ ಇನ್ನೂ ಬುದ್ಧಿವಂತ, ಫ್ಲಾಸ್ಕಿನಲ್ಲಿಟ್ಟುಕೊಂಡು ಬಂದು ಬಾಗಿಲ ಹೊರಗೇ ಶೀಶೆಗೆ ಬಗ್ಗಿಸಿಕೊಂಡಿದ್ದ. ಪಟ್ಟಿಯ ಕೊನೆಯ ಅಂಕಿಯನ್ನೂ ದಾಟಿಹೋಗುವಷ್ಟು ಕಾವು.

"ಇಷ್ಟು ಬಿಸಿ ಇದ್ರೆ ನೀನು ಮನುಷ್ಯ ಅಲ್ಲಪ್ಪಾ, ಇಸ್ತ್ರಿ ಪೆಟ್ಟಿಗೆ, ಅಂದೆ. ಅವನಿಗೇ ನಗು ಬಂತು. ನಕ್ಕೊಂಡೇ ಮತ್ತೆ ಒಳಗೆ ಹೋದ, ಪಾಪ."

ಇನ್ನು ಕೆಲವರಿಗೆ ಬರುವುದೇ ಇಲ್ಲ. ತಪ್ಪು ಮಾಡಿದವರೆಂದಲ್ಲ; ಹೊರಗೊಬ್ಬ ಹೆಂಗಸು ಗಡಿಯಾರ ನೋಡುತ್ತ ಕೂತಿದ್ದಾರೆ ಎಂಬ ನೆನಪಿಗೇ ಎಲ್ಲ ಬಿಗಿದುಕೊಳ್ಳುತ್ತದೆ. ನಿಯಮದಂತೆ ಅಂಥವರಿಗೆ ನೀರು ಕುಡಿಸಿ ಮೂರು ಗಂಟೆ ಕಾಯಬೇಕು. ಆದರೂ ಬಾರದಿದ್ದರೆ ಕೊಡಲೊಪ್ಪಲಿಲ್ಲ ಎಂದು ಬರೆಯಬೇಕು, ಬರೆದರೆ ಕೆಲಸ ಹೋದ ಹಾಗೆಯೇ. ನಲ್ಲಿಗೆ ಟೇಪು ಸುತ್ತಿರುವುದರಿಂದ ನೀರಿನ ಸದ್ದೂ ಇಲ್ಲ. ಅದಕ್ಕೆ ಲೋಟದಕ್ಕನೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಬಾಗಿಲ ಹೊರಗೆ ನಿಂತು ಒಂದು ಜಗ್ಗಿನಿಂದ ಇನ್ನೊಂದು ಜಗ್ಗಿಗೆ ನೀರು ಸುರಿಯುತ್ತಾರೆ, ಮತ್ತೆ ಇದರಿಂದ ಅದಕ್ಕೆ. ಐವತ್ತರ ಮೇಲಿನ ಗಂಡಸರು ಒಳಗೆ, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ಇವರು ಹೊರಗೆ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿಲ್ಲ.

ಮನೆಯಲ್ಲಿ ಈ ಕೆಲಸದ ಮಾತೆತ್ತುವಂತಿಲ್ಲ. ಪತಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ನಡುಮನೆಯ ಅರ್ಧ ಭಾಗವೆಲ್ಲ ಚಕ್ರ, ಬೆಲ್ಟು, ಎಣ್ಣೆಯ ಡಬ್ಬಿ. ಅವರಿಗೆ ಹೆಂಡತಿಯ ಕೆಲಸದ ಬಗ್ಗೆ ಏನೂ ತಕರಾರಿಲ್ಲ, ಊಟದ ಹೊತ್ತಿಗೆ ಅದರ ಸುದ್ದಿ ಬೇಡ ಅಷ್ಟೇ. ಶಾಲಾ ಶಿಕ್ಷಕಿಯಾಗಿರುವ ಮಗಳು ಯಾರಾದರೂ ಕೇಳಿದರೆ "ಅಮ್ಮ ಲ್ಯಾಬ್‌ನಲ್ಲಿದ್ದಾರೆ" ಎಂದು ಹೇಳಿ ಮಾತು ತಿರುಗಿಸುತ್ತಾಳೆ. ನಾದಿನಿಯದು ಇನ್ನೊಂದು ಬಗೆ.

"ನಮ್ಮನೆಗೆ ಬಂದ್ರೆ ಲೋಟ ತಾನೇ ತೊಳ್ಕೊಂಡು ನೀರು ಕುಡೀತಾಳೆ. ಅದೂ ಎರಡು ಸಲ ತೊಳೀತಾಳೆ. ಆಫೀಸಿನ ಲೋಟ ಮನೆಗೆ ತರ್ತೀನಿ ಅನ್ಕೊಂಡಿದ್ದಾಳೋ ಏನೋ. ನಾನೇನೂ ಹೇಳೋಕೆ ಹೋಗಿಲ್ಲ. ಒಂದು ಲೋಟ ತೊಳೆಯೋ ಕೆಲಸ ಕಮ್ಮಿ ಆಯ್ತಲ್ಲ!"

ನಗಿಸುತ್ತಾರೆ, ಆದರೆ ಈ ಹೆಂಗಸು ಬಹಳ ನೋಡಿದ್ದಾರೆ. ಬೆಳಗಿನ ಆರು ಗಂಟೆಗೆ ಎಪ್ಪತ್ತು ಸಾವಿರ ಸಲ ಮನುಷ್ಯರ ಮುಖವನ್ನು ಎರಡಡಿ ದೂರದಿಂದ ನೋಡುವ ಅವಕಾಶ ವೈದ್ಯರಿಗೂ ಸಿಗುವುದಿಲ್ಲ. ಯಾರು ಮಲಗಿ ಎದ್ದು ಬಂದಿದ್ದಾರೆ, ಯಾರು ಮಲಗದೇ ಬಂದಿದ್ದಾರೆ, ಯಾರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ ಎಂಬುದು ಜಾಕೆಟ್ಟನ್ನು ಮೊಳೆಗೆ ಸಿಕ್ಕಿಸುವ ರೀತಿಯಲ್ಲೇ ಇವರಿಗೆ ತಿಳಿಯುತ್ತದೆ.

"ಮೊಳೆ ಇಲ್ಲಿರುತ್ತೆ, ಜಾಕೆಟ್ಟು ಅಲ್ಲಿ ಬೀಳುತ್ತೆ. ಸಹಿ ಗೆರೆ ಮೇಲೆ ಶುರುವಾಗಿ ಮೇಜಿನ ಮೇಲೆ ಮುಗಿಯುತ್ತೆ. ಅಂಥೋರು ಎಷ್ಟೋ ಜನ. ಅವರ ಲೋಟ ಮಾತ್ರ ಕ್ಲೀನ್! ಪ್ರಯೋಗಾಲಯದಿಂದ ಏನೂ ಇಲ್ಲ ಅಂತ ಬರುತ್ತೆ, ಹೋಗಿ ಗಾಡಿ ಹತ್ತುತಾರೆ."

ಹಾಗೆ ಹತ್ತಿದವರಲ್ಲಿ ಒಬ್ಬರು ಲಾರಿ ಚಾಲಕರು ಒಂದರ ಮೇಲೊಂದು ಎರಡು ಪಾಳಿ ಮುಗಿಸಿ ಮೂರನೆಯದಕ್ಕೆ ಬಂದಿದ್ದರು. ಸಹಿ ಹಾಕುವಾಗಲೇ ತೂಕಡಿಸಿದರು. ಅವತ್ತೇ ಮಧ್ಯಾಹ್ನ ಅವರ ಲಾರಿ ಗೇಟಿನ ಗೋಡೆಯ ಮೂಲೆಯನ್ನು ಕಿತ್ತುಕೊಂಡು ಹೋಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಪಘಾತವಾಯಿತೆಂದು ಅವರನ್ನು ಮತ್ತೆ ಇದೇ ಕೋಣೆಗೆ ಕರೆತಂದು ಎರಡನೇ ಸಲ ಮಾದರಿ ತೆಗೆಸಿದರು. ಅದೂ ನಿರ್ಮಲ. ಗಾಂಜಾ ಇಲ್ಲ, ಹಾಗಾಗಿ ಚಾಲಕರ ತಪ್ಪಿಲ್ಲ ಎಂದು ವರದಿಯಾಗಿ ಗೋಡೆಗೆ ಸಿಮೆಂಟು ಮೆತ್ತಿದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕುಡಿದವರನ್ನು ಊದಿಸಿ ನೋಡಿದರೆ ಆ ಗಳಿಗೆಯಲ್ಲಿ ಎಷ್ಟು ಅಮಲಿದೆ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ. ಗಾಂಜಾ ಹಾಗಲ್ಲ. ತಲೆಯ ಮಂಪರು ಕೆಲವು ತಾಸಿನಲ್ಲಿ ಇಳಿಯುತ್ತದೆ. ಆದರೆ ಅದರ ಕುರುಹು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ, ದಿನಾ ಸೇದುವವರಲ್ಲಿ ವಾರಗಟ್ಟಲೆ, ಮೂತ್ರದಲ್ಲಿ ಚೂರುಚೂರಾಗಿ ಹೊರಬೀಳುತ್ತಿರುತ್ತದೆ. ಎಂದೋ ಸೇದಿದ್ದಾರೆ ಎಂದು ಲೋಟ ಹೇಳಬಲ್ಲದು. ಇವತ್ತು ಬೆಳಿಗ್ಗೆ ಅವರ ಕಣ್ಣು, ಕೈ, ಬುದ್ಧಿ ನೆಟ್ಟಗಿದ್ದವೇ ಎಂದು ಅದಕ್ಕೆ ಗೊತ್ತಿಲ್ಲ. ಅಂಗಳದ ನಿಯಮಕ್ಕೆ ಈ ವ್ಯತ್ಯಾಸ ಬೇಕಾಗಿಯೂ ಇಲ್ಲ. ಕುರುಹು ಸಿಕ್ಕಿತೋ, ಮನೆಗೆ.

ನಮೂನೆಯ ಕೆಳಗೆ 'ಷರಾ' ಎಂಬ ಒಂದು ಚೌಕವಿದೆ. ಮೂರು ಸಾಲು ಹಿಡಿಸುವಷ್ಟು ಜಾಗ. ಬಾಟಲಿ ಬದಲಿಸಿದರೆ, ಚೀಟಿ ಹರಿದರೆ, ಏನಾದರೂ ಎಂದಿನಂತಿಲ್ಲದಿದ್ದರೆ ಅಲ್ಲಿ ಬರೆಯಬೇಕು. ಆದರೆ ತರಬೇತಿ ಕೊಟ್ಟವರು ಮೊದಲ ದಿನವೇ ಹೇಳಿದ್ದರಂತೆ: ನೀವು ಲೋಟದ ಬಗ್ಗೆ ಬರೆಯಿರಿ, ಮನುಷ್ಯನ ಬಗ್ಗೆ ಬರೆಯಬೇಡಿ, ನೀವು ಡಾಕ್ಟರಲ್ಲ. ಲೋಟದಕ್ಕ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದು ಸಲ ಲೋಟದ ಬಗ್ಗೆಯೂ ಬರೆಯಲಿಲ್ಲ. ಅದೇ ಅವರನ್ನು ಈಗ ಕೊರೆಯುತ್ತಿರುವುದು.

ಆ ಬೆಳಗಿನ ವಿಷಯವನ್ನು ಅವರು ತಾವಾಗಿ ಹೇಳಲಿಲ್ಲ. ಮಾದರಿ ಕೊಟ್ಟವರ ಗುಟ್ಟು ಬಿಟ್ಟುಕೊಡಬಾರದು ಎಂಬುದು ಅವರಿಗೆ ಉಸಿರಿನಷ್ಟು ಅಭ್ಯಾಸ. ಕ್ರೇನ್ ಚಾಲಕರನ್ನು ನಾನೇ ಹುಡುಕಿಕೊಂಡು ಹೋಗಿ, "ಬರೀರಿ, ನನ್ನದೇನು ಮುಚ್ಚಿಡೋದಿದೆ ಇನ್ನು," ಎಂದು ಅವರು ಫೋನಿನಲ್ಲಿ ಇವರಿಗೂ ಹೇಳಿದ ಮೇಲೆಯೇ ಲೋಟದಕ್ಕ ಬಾಯಿ ಬಿಟ್ಟರು.

ಅವತ್ತು ಲೋಟದಕ್ಕನಿಗೆ ನೆಗಡಿ, ಕೆಮ್ಮು, ಮೈಕೈ ನೋವು. ರಜೆ ಹಾಕುವಂತಿರಲಿಲ್ಲ, ಅವರ ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಆ ತಿಂಗಳೇ ನವೀಕರಣದ ತಿಂಗಳು. ಅಂಗಡಿಯಲ್ಲಿ ಸಿಗುವ ಕೆಮ್ಮಿನ ಔಷಧಿಯನ್ನು ಎರಡು ಚಮಚದ ಬದಲು ಮೂರು ಚಮಚ ಕುಡಿದು ಬಂದಿದ್ದರು. ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತಂತೆ. ಮೇಜಿನ ಮೇಲೆ ಎರಡು ನಮೂನೆಗಳು ಒಂದರ ಮೇಲೊಂದು ಇದ್ದವು, ಒಂದರ ನಂಬರು ನಲವತ್ತೊಂದಕ್ಕೆ ಮುಗಿಯುತ್ತದೆ, ಇನ್ನೊಂದರದು ನಲವತ್ತೆರಡಕ್ಕೆ. ಕ್ರೇನ್ ಚಾಲಕರ ಸರದಿ ಬಂದಾಗ ಸಹಿಗೆ ಮುಂದಿಟ್ಟದ್ದು ನಲವತ್ತೊಂದರ ನಮೂನೆ, ಬಾಟಲಿಗೆ ಅಂಟಿಸಿದ್ದು ನಲವತ್ತೆರಡರ ಚೀಟಿ.

ಹಾಗೇ ಹೋಗಿದ್ದರೆ ಪ್ರಯೋಗಾಲಯದವರು ನಂಬರು ಕೂಡುವುದಿಲ್ಲ ಎಂದು ಮಾದರಿಯನ್ನು ತೆರೆಯದೆಯೇ ರದ್ದು ಮಾಡುತ್ತಿದ್ದರು. ಕ್ರೇನ್ ಚಾಲಕರು ಇವತ್ತೂ ಮೇಲೆ ತಮ್ಮ ಗಾಜಿನ ಗೂಡಿನಲ್ಲಿ ಕೂತಿರುತ್ತಿದ್ದರು. 'ನಂಬರು ಸರಿಯಿದೆಯೆಂದು ನಾನೇ ನೋಡಿದ್ದೇನೆ' ಎಂಬ ಸಾಲಿನ ಕೆಳಗೆ ಎಲ್ಲರೂ ಸಹಿ ಹಾಕುತ್ತಾರೆ, ನೋಡುವವರು ಯಾರೂ ಇಲ್ಲ. ಕ್ರೇನ್ ಚಾಲಕರು ನೋಡಿದರು.

"ಅಕ್ಕಾ, ಇದು ನಂದಲ್ಲ ಅನ್ಸುತ್ತೆ. ಕಾಗದದಲ್ಲಿ ನಲವತ್ತೊಂದಿದೆ, ಬಾಟ್ಲಿ ಮೇಲೆ ನಲವತ್ತೆರಡು," ಎಂದರು.

ಲೋಟದಕ್ಕ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಅಂಟಿಸಿದ ಚೀಟಿ ಕಿತ್ತರೆ ಹರಿಯುತ್ತದೆ. ಚಾಲಕರ ಕಣ್ಣೆದುರೇ ಹೊಸ ಬಾಟಲಿಗಳ ಪೊಟ್ಟಣ ಒಡೆದು, ಮಾದರಿಯನ್ನು ಅದಕ್ಕೆ ಸುರಿದು, ನಲವತ್ತೊಂದರ ಚೀಟಿ ಅಂಟಿಸಿದರು. ಹಳೆಯ ಬಾಟಲಿಗಳನ್ನು ಕಸಕ್ಕೆ ಹಾಕಿದರು. ಷರಾದ ಚೌಕದಲ್ಲಿ ಎರಡು ಸಾಲು ಬರೆಯಬೇಕಿತ್ತು: ಚೀಟಿ ತಪ್ಪಾಗಿತ್ತು, ಕೊಟ್ಟವರೇ ಗಮನಿಸಿ ಹೇಳಿದ್ದಾರೆ, ಬಾಟಲಿ ಬದಲಿಸಿದೆ.

"ಪೆನ್ನು ಎತ್ತಿದೆ. ಆಮೇಲೆ ನವೀಕರಣದ ನೆನಪಾಯ್ತು. ತಪ್ಪು ಮಾಡಿದೀನಿ ಅಂತ ನನ್ನ ಕೈಯಾರೆ ಯಾಕೆ ಬರ್ಕೊಡ್ಲಿ ಅನ್ನಿಸ್ತು. ಖಾಲಿ ಬಿಟ್ಟೆ. ಅವರೂ ಸಹಿ ಹಾಕಿದ್ರು. ಹುಷಾರಾಗಿರಿ ಅಕ್ಕಾ, ಶುಂಠಿ ಕಷಾಯ ಕುಡೀರಿ ಅಂತ ನನಗೇ ಹೇಳಿ ಹೋದ್ರು."

ಐದು ದಿನಕ್ಕೆ ಫಲಿತಾಂಶ ಬಂತು. ಗಾಂಜಾದ ಕುರುಹು ಇದೆ. ಕ್ರೇನ್ ಚಾಲಕರು ಸುಳ್ಳು ಹೇಳಲಿಲ್ಲ. ಎರಡು ವಾರದ ರಜೆಯಲ್ಲಿ ಅಕ್ಕನ ಊರಿಗೆ ಹೋದಾಗ ಸಂಜೆ ಹೊತ್ತು ಭಾವನ ಜೊತೆ ಸೇದಿದ್ದು ನಿಜ, ಕೆಲಸಕ್ಕೆ ಮರಳಿ ಒಂಬತ್ತು ದಿನ ಆಗಿತ್ತು, ಮರಳಿದ ಮೇಲೆ ಮುಟ್ಟಿಲ್ಲ ಎಂದು ಬರೆದುಕೊಟ್ಟರು. ಮನೆಯೊಳಗೆ ಸೇದುವವರ ತಂಟೆಗೆ ಅಕ್ಕ ಇರುವ ಕಡೆಯ ಕಾನೂನು ಹೋಗುವುದಿಲ್ಲ. ಅಂಗಳದ ನಿಯಮ ಹೋಗುತ್ತದೆ. ಹತ್ತೊಂಬತ್ತು ವರ್ಷ ಒಂದು ಪೆಟ್ಟಿಗೆಯನ್ನೂ ಎಲ್ಲಿಗೂ ತಾಗಿಸದೆ ಇಳಿಸಿದವರನ್ನು ಅವತ್ತೇ ಕೆಳಗಿಳಿಸಿದರು.

ಅವರನ್ನು ನಾನು ಕಂಡದ್ದು ಒಂದು ಟೈಲ್ಸ್ ಗೋದಾಮಿನಲ್ಲಿ. ಬಂದ ಪೆಟ್ಟಿಗೆಗಳನ್ನು ಎಣಿಸಿ ಗೋಡೆಗೆ ಜೋಡಿಸುವ ಕೆಲಸ. ನಲವತ್ತಾರರ ವಯಸ್ಸು, ಮಾತು ಕಡಿಮೆ. ಅಂದು ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದರೆ ಬಚಾವಾಗುತ್ತಿದ್ದಿರಲ್ಲ ಎಂದು ಕೇಳಿದೆ.

"ಮೇಲೆ ಕೂತು ಕಂಟೇನರ್ ನಂಬರು ಓದಿ ಓದಿ ಅಭ್ಯಾಸ ಸಾರ್. ಒಂದು ಅಂಕಿ ತಪ್ಪಿದ್ರೆ ಒಬ್ಬರ ಮಾಲು ಇನ್ನೊಬ್ಬರ ಹಡಗು ಹತ್ತುತ್ತೆ. ನಂಬರು ತಪ್ಪಿದ್ದು ಕಂಡ್ರೆ ನನ್ನ ಬಾಯಿ ಸುಮ್ನಿರಲ್ಲ. ಅದರಲ್ಲೇನು, ಲೋಟದಕ್ಕನ ಬಾಟ್ಲಿ ಆದ್ರೇನು, ಕಂಟೇನರ್ ಆದ್ರೇನು."

ಮತ್ತೆ ಕ್ರೇನ್ ಹತ್ತಬೇಕಾದರೆ ಅವರಿಗೆ ಉಳಿದಿದ್ದ ದಾರಿ ಮೇಲ್ಮನವಿ ಒಂದೇ. ಎರಡು ವರ್ಷ ಕ್ರೇನ್ ಮುಟ್ಟದವರ ಪರವಾನಗಿ ರದ್ದಾಗುತ್ತದೆ, ಹೊಸದಾಗಿ ತರಬೇತಿಗೆ ಸೇರಲು ನಲವತ್ತೈದು ದಾಟಿರಬಾರದು. ಮೇಲ್ಮನವಿಯಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿ ಎರಡು ಅಂಶ ಎತ್ತಿದ್ದರು. ಮೊದಲನೆಯದು, ಅವತ್ತಿನ ದಾಸ್ತಾನು ಪುಸ್ತಕದಲ್ಲಿ ಮಾದರಿಗಳಿಗಿಂತ ಒಂದು ಬಾಟಲಿ ಪೊಟ್ಟಣ ಹೆಚ್ಚು ಖರ್ಚಾಗಿದೆ, ಅದಕ್ಕೆ ವಿವರಣೆಯಿಲ್ಲ, ಹಾಗಾಗಿ ಮಾದರಿ ಅದಲುಬದಲಾಗಿರುವ ಅನುಮಾನವಿದೆ. ಎರಡನೆಯದು, ಅವರು ಕೆಲಸದ ಹೊತ್ತಿನಲ್ಲಿ ಪೂರ್ತಿ ಎಚ್ಚರದಲ್ಲಿದ್ದರು. ಮೇಲ್ಮನವಿ ವಿಚಾರಿಸುವ ಸಮಿತಿ ಲೋಟದಕ್ಕನಿಂದ ವಿವರಣೆ ಕೇಳಿತು.

ಇವರು ಒಂದು ಭಾನುವಾರ ಪೂರ್ತಿ ಕೂತು ಬರೆದರು. ಪತಿಯ ಹೊಲಿಗೆ ಯಂತ್ರದ ಮೇಜಿನ ಮೇಲೆ, ಮೂರು ಸಲ ಹರಿದು ಹಾಕಿ, ನಾಲ್ಕನೇ ಸಲ. ಕೆಮ್ಮಿನ ಔಷಧಿ, ಎರಡು ನಮೂನೆ, ತಪ್ಪು ಚೀಟಿ, ಅದನ್ನು ಹಿಡಿದ ಕಣ್ಣು, ಖಾಲಿ ಬಿಟ್ಟ ಷರಾ, ಎಲ್ಲವನ್ನೂ ಬರೆದರು. ಗುತ್ತಿಗೆ ಹೋಗಬಹುದು ಎಂದು ಮಗಳು ಎಚ್ಚರಿಸಿದಳು.

"ಹೋದ್ರೆ ಹೋಗ್ಲಿ ಅಂದೆ. ಮಬ್ಬು ಹಿಡಿದಿದ್ದು ನನಗೆ. ಎಚ್ಚರ ಇದ್ದದ್ದು ಅವರಿಗೆ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಯಾರಿಗಾದ್ರೂ ಅರ್ಥ ಆಗ್ದೆ ಇರುತ್ತಾ ಅನ್ಕೊಂಡೆ."

ನನ್ನ ಎರಡನೇ ಭೇಟಿಯ ದಿನ, ಗುರುವಾರ, ಉತ್ತರ ಬಂತು. ಗುಮಾಸ್ತರು ಲಕೋಟೆ ತಂದು ಮೇಜಿನ ಮೇಲಿಟ್ಟಾಗ ಒಳಗೊಬ್ಬರು ಲೋಟ ಹಿಡಿದು ಹೋಗಿದ್ದರು. ಆ ಮಾದರಿ ಮುಗಿಯುವವರೆಗೆ ಲೋಟದಕ್ಕ ಲಕೋಟೆಯನ್ನು ಮುಟ್ಟಲಿಲ್ಲ. ಶಾಖ ನೋಡಿ, ಸುರಿದು, ನಂಬರನ್ನು ಬೆರಳಿಟ್ಟು ಎರಡು ಸಲ ಗಟ್ಟಿಯಾಗಿ ಓದಿ, ಸಹಿ ಹಾಕಿಸಿ, ಚೀಲ ಮುಚ್ಚಿ, ಆಮೇಲೆ ಹೊರಗಿನ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು ಒಡೆದರು. ಓದಿ ನನ್ನ ಕಡೆಗೆ ತಳ್ಳಿದರು.

ಒಂದೇ ಹಾಳೆ. 'ಹೆಚ್ಚುವರಿ ಪೊಟ್ಟಣದ ಬಗ್ಗೆ ಸಂಗ್ರಾಹಕಿಯವರು ನೀಡಿರುವ ವಿವರವಾದ ಹೇಳಿಕೆಯಿಂದ ಮಾದರಿಯ ಬಗೆಗಿನ ಅನುಮಾನ ಸಂಪೂರ್ಣವಾಗಿ ನಿವಾರಣೆಯಾಗಿದೆ. ಮಾದರಿ ಮೇಲ್ಮನವಿದಾರರದ್ದೇ ಎಂದು ಸಾಬೀತಾಗಿದೆ. ಅವರು ಅಂದು ಎಚ್ಚರದಲ್ಲಿದ್ದರು ಎಂಬ ಅಂಶವನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ. ಮೇಲ್ಮನವಿಯನ್ನು ವಜಾಗೊಳಿಸಲಾಗಿದೆ. ಸಂಗ್ರಾಹಕಿಯವರ ಪ್ರಾಮಾಣಿಕತೆಯನ್ನು ಸಮಿತಿ ಮೆಚ್ಚುತ್ತದೆ.'

ಎರಡು ವರ್ಷ ಆ ಮನುಷ್ಯನ ಪರವಾಗಿ ಉಳಿದುಕೊಂಡಿದ್ದದ್ದು ಒಂದು ಅನುಮಾನ ಮಾತ್ರ. ಅದನ್ನು ಅಳಿಸಿದ್ದು ಅವರನ್ನು ಉಳಿಸಲೆಂದು ಇವರು ಬರೆದ ಪುಟ. ಅಂದು ಷರಾ ಬರೆಯಬೇಕಾದಾಗ ಬರೆಯಲಿಲ್ಲ, ಬರೆಯದೇ ಇದ್ದರೆ ಒಳ್ಳೆಯದಾಗುತ್ತಿದ್ದಾಗ ಬರೆದರು. ನನಗೆ ಸಮಿತಿಯ ಮೇಲೆ ಸಿಟ್ಟು ಬಂತು, ಆ ಮೆಚ್ಚುಗೆಯ ಸಾಲಿನ ಮೇಲೆ ಇನ್ನೂ ಹೆಚ್ಚು. ಲೋಟದಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಬೆಂಚಿನ ಮೇಲೆ ಇನ್ನೂ ಏಳು ಮಂದಿ ಕಾಯುತ್ತಿದ್ದರು. ಕನ್ನಡಕ ಮತ್ತೆ ಏರಿಸಿಕೊಂಡು "ಮುಂದಿನವರು ಬರ್ರಪ್ಪಾ" ಎಂದು ಕೂಗಿದರು.

ಅಂದು ಕೆಲಸ ಮುಗಿಸಿ ಅವರು ಮನೆಗೆ ಹೋಗಲಿಲ್ಲ. ಎರಡು ಬಸ್ಸು ಬದಲಿಸಿ ಕ್ರೇನ್ ಚಾಲಕರ ಮನೆಗೆ ಹೋದರು. ನನ್ನನ್ನೂ ಕರೆದರು, ಒಬ್ಬರೇ ಹೋಗುವ ಧೈರ್ಯ ಇರಲಿಲ್ಲವೆಂದು ಆಮೇಲೆ ಹೇಳಿದರು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಚಾಲಕರ ಹೆಂಡತಿ ಬಾಗಿಲು ತೆರೆದರು. ಉತ್ತರದ ಪ್ರತಿ ಅವರಿಗೂ ಬಂದಿತ್ತು.

"ನೀವು ಸುಮ್ನೆ ಗೊತ್ತಿಲ್ಲ ಅಂತ ಬರೆದಿದ್ರೆ ಸಾಕಿತ್ತಲ್ಲಕ್ಕಾ," ಎಂದರು ಆಕೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗಿನಿಂದ ಚಾಲಕರು ಬಂದು ಹೆಂಡತಿಯ ಹಿಂದೆ ನಿಂತರು. "ಬಿಡು. ಅಕ್ಕ ಇದ್ದದ್ದನ್ನ ಬರೆದ್ರು," ಎಂದರು. "ನಾನೂ ಇದ್ದದ್ದನ್ನೇ ಹೇಳಿದ್ದು ಅವತ್ತು. ಕೂತ್ಕೊಳ್ಳಿ ಅಕ್ಕಾ." ಲೋಟದಕ್ಕ ಕೂರಲಿಲ್ಲ. ಕ್ಷಮೆ ಕೇಳಲು ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದರಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಇಳಿದರು.

ಇದೆಲ್ಲ ಆಗಿ ಒಂದು ತಿಂಗಳು. ಗುತ್ತಿಗೆ ಸಂಸ್ಥೆ ಅವರಿಗೆ ಎಚ್ಚರಿಕೆ ಪತ್ರ ಕೊಟ್ಟಿದೆ, ಕೆಲಸ ಉಳಿಸಿದೆ. ಈಗ ಅವರು ಪ್ರತಿ ನಮೂನೆಯ ಷರಾದಲ್ಲೂ ಒಂದು ಸಾಲು ಬರೆಯುತ್ತಾರೆ. 'ಕೈ ಸ್ಥಿರ, ನಂಬರು ತಾವೇ ಓದಿದರು.' 'ಎರಡನೇ ಪಾಳಿ, ಕಣ್ಣು ಮುಚ್ಚಿ ಹೋಗುತ್ತಿದೆ.' 'ನೆಗಡಿ ಔಷಧಿ ತಗೊಂಡಿದ್ದೇನೆ ಎಂದರು, ಮಾತು ನಿಧಾನ.' ಇಂಥದ್ದನ್ನೆಲ್ಲ ಬರೆಯಬೇಡಿ ಎಂದು ಪ್ರಯೋಗಾಲಯದಿಂದ ಎರಡು ಸಲ ಸೂಚನೆ ಬಂದಿದೆ. ಇವರು ಬರೆಯುವುದನ್ನು ಬಿಟ್ಟಿಲ್ಲ. ಕಣ್ಣಿನ ಚುರುಕು, ಕೈಯ ಚುರುಕನ್ನು ಎರಡು ನಿಮಿಷದಲ್ಲಿ ಅಳೆಯುವ ಯಂತ್ರಗಳಿವೆಯಂತೆ, ಯಾವ ಕಾರಣಕ್ಕೆ ಮಂಕಾಗಿದ್ದರೂ ತೋರಿಸುತ್ತವಂತೆ ಎಂದು ಮಗಳು ಎಲ್ಲೋ ಓದಿ ಹೇಳಿದ್ದಾಳೆ. ಅಂಥದ್ದೊಂದು ಈ ಅಂಗಳಕ್ಕೆ ಬರುವ ಸೂಚನೆಯೇನೂ ಕಾಣುವುದಿಲ್ಲ.

ಕೊನೆಯ ಭೇಟಿಯಲ್ಲಿ, ಕೊರಿಯರಿನವರು ಚೀಲಗಳನ್ನು ಒಯ್ದ ಮೇಲೆ, ಇಂಥ ಬರಹಗಳಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳಿದೆ: ನಿಮಗೇನಾದರೂ ಆಸೆ ಇದೆಯೇ? ಅವರು ನಲ್ಲಿಯ ಟೇಪು ಬಿಚ್ಚುತ್ತಿದ್ದರು.

"ದೊಡ್ಡ ಆಸೆ ಏನಿಲ್ಲ. ಅವರ ಕೇಸು ಎರಡು ವರ್ಷ ನಡೀತು. ಲೋಟ ಎಷ್ಟು ಬಿಸಿ ಇತ್ತು ಅಂತ ಕೇಳಿದ್ರು. ಬಾಟ್ಲಿ ಎಷ್ಟು, ಚೀಟಿ ಎಷ್ಟು ಅಂತ ಕೇಳಿದ್ರು. ಆ ಮನುಷ್ಯ ಹೇಗಿದ್ರು ಅಂತ ಒಬ್ಬರೂ ಕೇಳ್ಲಿಲ್ಲ ನನ್ನ. ನಾನೇ ಬರೆದ್ರೆ ಅದಕ್ಕೆ ಜಾಗ ಇಲ್ಲ ಅಂದ್ರು. ಯಾರಾದ್ರೂ ಒಬ್ಬರು ಕೇಳ್ಬೇಕಿತ್ತು."

ಹೇಗಿದ್ದರು ಎಂದು ನಾನು ಕೇಳಿದೆ.

ಬಿಚ್ಚಿದ ಟೇಪನ್ನು ಉಂಡೆ ಮಾಡಿ ಕಸಕ್ಕೆ ಹಾಕಿ, ಸಾಕ್ಷಿ ಹೇಳುವವರ ಹಾಗೆ ನೆಟ್ಟಗೆ ನಿಂತರು.

"ಬೆಳಿಗ್ಗೆ ಆರೂ ಇಪ್ಪತ್ತು. ಚೆನ್ನಾಗಿ ನಿದ್ದೆ ಮಾಡಿದ್ರು. ಶೇವ್ ಮಾಡ್ಕೊಂಡಿದ್ರು. ಜಾಕೆಟ್ಟು ಒಂದೇ ಸಲಕ್ಕೆ ಮೊಳೆಗೆ ಸಿಕ್ಕಿಸಿದ್ರು. ಸಹಿ ಗೆರೆ ಬಿಟ್ಟು ಆಚೀಚೆ ಹೋಗ್ಲಿಲ್ಲ. ಈ ಕೋಣೇಲಿ ನಾವಿಬ್ಬರೇ ಇದ್ದದ್ದು ಸಾರ್. ಕೆಲಸ ಮಾಡೋ ಸ್ಥಿತೀಲಿ ಇದ್ದೋರು ಅವರೊಬ್ಬರೇ."